ಕಾಲು, ಅರೆ, ಮುಕ್ಕಾಲು: ನಮ್ಮ ಪಗಾರದ ಲೆಕ್ಕ
(ಸಂಘದ ಕೂಟದಲ್ಲಿ ಮಾಡಿದ ಭಾಷಣ)

ದುಡಿದು ದಣಿದು ಬಂದವರ ಮುಂದೆ ಗಣಿತದ ಮಾತೆತ್ತುವುದು ಸರಿಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಭಿನ್ನರಾಶಿ, ದಶಮಾಂಶ, ವರ್ಗಮೂಲ ಎಂಬ ಹೆಸರು ಕೇಳಿದೊಡನೆ ಮಾಸ್ತರರ ಬೆತ್ತದ ನೆನಪಾಗುವವರೂ ಇದ್ದಾರೆ. ಆದರೆ ನಾವು ಈ ದಿನ ಪರೀಕ್ಷೆಯ ಗಣಿತವನ್ನು ಹೇಳಹೊರಟಿಲ್ಲ. ನಮ್ಮ ಪಗಾರದ ಚೀಟಿಯಲ್ಲಿ, ಹೋಟೆಲಿನ ಕಾವಲಿಯ ಮೇಲೆ, ಗಿರಣಿಯ ಯಂತ್ರದಲ್ಲಿ ಇರುವ ಗಣಿತವನ್ನು ಹೇಳುತ್ತೇವೆ. ಬೇರೆಯವರು ಮಾಡಿದ ಲೆಕ್ಕಕ್ಕೆ ಕಣ್ಣುಮುಚ್ಚಿ ಸಹಿ ಹಾಕುವವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಸ್ಥಿತಿ ನಮ್ಮದಾಗಬಾರದು.

ಭಿನ್ನರಾಶಿ ನಮಗೆ ಹೊಸದಲ್ಲ. ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳನ್ನು ನಾವು ಅಡಿಗೆಮನೆಯಲ್ಲೇ ಕಲಿತಿದ್ದೇವೆ. ಹದಿನಾರರಲ್ಲಿ ಒಂದು ಪಾಲಿಗೆ ನಮ್ಮ ಹಿರಿಯರು ವೀಸ ಎಂದರು. ಹಳೆಯ ಕಾಲದ ಐಗಳ ಮಠದಲ್ಲಿ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದಕ್ಕೂ ಬಹಳ ಹಿಂದೆ, ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಬರೆದನು. ಭಿನ್ನದಿಂದ ಭಾಗಿಸಬೇಕಾದರೆ ಆ ಭಿನ್ನವನ್ನು ತಲೆಕೆಳಗು ಮಾಡಿ ಗುಣಿಸಬೇಕೆಂಬ ನಿಯಮ ಅದರಲ್ಲಿದೆ.

ತಲೆಕೆಳಗು ಏಕೆ ಮಾಡಬೇಕು? ಚಹಾದ ಲೆಕ್ಕದಿಂದಲೇ ನೋಡೋಣ. ಪಾತ್ರೆಯಲ್ಲಿ 6 ಲೀಟರು ಚಹಾ ಇದೆ. ಒಂದು ಗ್ಲಾಸಿಗೆ 3/20 ಲೀಟರು ಹಿಡಿಯುತ್ತದೆ. ಎಷ್ಟು ಗ್ಲಾಸು ಆಗುತ್ತದೆ? ಮೊದಲು ಲೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಚಿಕ್ಕ ಅಳತೆ ಇದೆಯೆಂದು ತಿಳಿಯಿರಿ. 6 ಲೀಟರಿನಲ್ಲಿ ಅಂಥವು 6 ಇಂಟು 20, ಅಂದರೆ 120. ಅಂಥ ಮೂರು ಸೇರಿದರೆ ಒಂದು ಗ್ಲಾಸು. 120ನ್ನು 3ರಿಂದ ಭಾಗಿಸಿದರೆ 40 ಗ್ಲಾಸು. ನಾವು ಮಾಡಿದ್ದೇನು? 20ರಿಂದ ಗುಣಿಸಿ 3ರಿಂದ ಭಾಗಿಸಿದೆವು. 3/20 ತಲೆಕೆಳಗಾಗಿ 20/3 ಆಯಿತು. ನಿಯಮದ ಗುಟ್ಟು ಇಷ್ಟೇ.

ಕೂಡುವಾಗ ಬೇರೆ ಎಚ್ಚರ ಬೇಕು. ಒಂದೇ ಜಾತಿಯ ಪಾಲುಗಳನ್ನು ಮಾತ್ರ ಕೂಡಬಹುದು. ಒಬ್ಬನು ಒಂದು ವಾರದಲ್ಲಿ ಒಂದೂವರೆ ಗಂಟೆ, ಮುಕ್ಕಾಲು ಗಂಟೆ, ಎರಡೂಕಾಲು ಗಂಟೆ ಹೆಚ್ಚು ದುಡಿದನೆನ್ನಿ. ಎಲ್ಲವನ್ನೂ ಕಾಲು ಗಂಟೆಗಳಾಗಿ ಮಾಡಿ: 6, 3, 9. ಒಟ್ಟು 18 ಕಾಲುಗಳು, ಅಂದರೆ ನಾಲ್ಕೂವರೆ ಗಂಟೆ.

ಇಲ್ಲಿಂದ ದಶಮಾಂಶದ ಮಾತು ಮೊದಲಾಗುತ್ತದೆ, ನಷ್ಟದ ಮಾತು ಕೂಡ. ನಾಲ್ಕೂವರೆ ಗಂಟೆಯನ್ನು ದಶಮಾಂಶದಲ್ಲಿ 4.5 ಎಂದು ಬರೆಯಬೇಕು. ಏಕೆಂದರೆ ಬಿಂದುವಿನ ಮುಂದಿನ ಮೊದಲ ಅಂಕೆ ಹತ್ತನೆಯ ಪಾಲನ್ನು ಹೇಳುತ್ತದೆ, ಹತ್ತರಲ್ಲಿ ಐದು ಪಾಲು ಎಂದರೆ ಅರ್ಧ. ಆದರೆ 4 ಗಂಟೆ 30 ನಿಮಿಷವನ್ನು 4.30 ಎಂದು ಬರೆದು, ಅದನ್ನೇ ಪಗಾರದ ದರದಿಂದ ಗುಣಿಸಿದರೆ ಏನಾಗುತ್ತದೆ? ಗಂಟೆಗೆ 60 ರೂಪಾಯಿ ದರ ಎಂದು ಹಿಡಿಯಿರಿ. ಹೆಚ್ಚಿನ ದುಡಿಮೆಗೆ 1948ರ ಕಾರ್ಖಾನೆ ಕಾಯಿದೆ ಇಮ್ಮಡಿ ದರವನ್ನು ವಿಧಿಸಿತು; 2019ರ ವೇತನ ಸಂಹಿತೆಯಲ್ಲೂ ಅದು ಇಮ್ಮಡಿಯೇ. ಹಾಗಾದರೆ ಗಂಟೆಗೆ 120. ನಾಲ್ಕೂವರೆಗೆ 540 ರೂಪಾಯಿ ಬರಬೇಕು. 4.30ರಿಂದ ಗುಣಿಸಿದರೆ 516 ಬರುತ್ತದೆ. ಬಿಂದುವೊಂದು 24 ರೂಪಾಯಿಯನ್ನು ನುಂಗಿತು. ಬರೆದವನ ಮನಸ್ಸಿನಲ್ಲಿ ಮೋಸವಿರಬೇಕೆಂದೇನೂ ಇಲ್ಲ. ಆದರೆ ಹಣ ಹೋದದ್ದು ನಮ್ಮದೇ.

ಎರಡನೆಯ ನಷ್ಟ ಚಿಲ್ಲರೆ ಬಿಡುವುದರಿಂದ ಆಗುತ್ತದೆ. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯಗಳು ಬಂದವು. ಅದುವರೆಗೆ ರೂಪಾಯಿಗೆ 16 ಆಣೆ. ಆಮೇಲೆ 100 ನಯೇ ಪೈಸೆ. ಒಂದಾಣೆಗೆ ಸರಿಯಾಗಿ 6.25 ನಯೇ ಪೈಸೆ ಬರುತ್ತದೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಸರಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದಿತ್ತು. ಒಂದಾಣೆಯ ನಾಲ್ಕು ಚಹಾಕ್ಕೆ ಬೇರೆಬೇರೆಯಾಗಿ ಕೊಟ್ಟರೆ 24, ಒಟ್ಟಿಗೆ ಕೊಟ್ಟರೆ 25. ಇದರಿಂದ ಕಲಿಯಬೇಕಾದ ಪಾಠ ಒಂದೇ: ಲೆಕ್ಕವನ್ನು ಕೊನೆಯ ತನಕ ಭಿನ್ನದಲ್ಲೇ ಒಯ್ಯಬೇಕು, ದಶಮಾಂಶಕ್ಕೆ ತಿರುಗಿಸುವುದೂ ಚಿಲ್ಲರೆ ಬಿಡುವುದೂ ಕೊನೆಯಲ್ಲಿ, ಒಂದೇ ಬಾರಿ.

ಈ ಪಾಠದ ಬೆಲೆ ಗ್ರಾಚ್ಯುಟಿಯಲ್ಲಿ ತಿಳಿಯುತ್ತದೆ. 1972ರ ಗ್ರಾಚ್ಯುಟಿ ಕಾಯಿದೆ ಸೇವೆಯ ಒಂದೊಂದು ವರ್ಷಕ್ಕೂ 15 ದಿನದ ಪಗಾರ ಎಂದಿತು. ಹದಿನೈದು ದಿನವೆಂದರೆ ಅರ್ಧ ತಿಂಗಳ ಪಗಾರವೇ? ಅಲ್ಲ. ವಾರದ ರಜೆಗಳನ್ನು ಕಳೆದರೆ ತಿಂಗಳಲ್ಲಿ ದುಡಿಯುವ ದಿನ 26. ಆದುದರಿಂದ ತಿಂಗಳ ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. 1980ರಲ್ಲಿ ಸುಪ್ರೀಂ ಕೋರ್ಟು ಈ ಲೆಕ್ಕವನ್ನು ಎತ್ತಿಹಿಡಿಯಿತು. 1987ರ ತಿದ್ದುಪಡಿ ಅದನ್ನು ಕಾಯಿದೆಯಲ್ಲೇ ಬರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 26 ಉಳಿದಿದೆ. ಕಾಯಿದೆಯು ಲೆಕ್ಕಕ್ಕೆ ಹಿಡಿಯುವ ಕೊನೆಯ ಪಗಾರ 13,000 ರೂಪಾಯಿ, ಸೇವೆ 20 ವರ್ಷ ಎನ್ನಿ. 13,000ದ 15/26 ಪಾಲು 7,500. ಇಪ್ಪತ್ತು ವರ್ಷಕ್ಕೆ 1,50,000. ಅರ್ಧವೆಂದು ಹಿಡಿದರೆ 1,30,000 ಮಾತ್ರ. 20,000 ರೂಪಾಯಿ ಹೋಯಿತು. ಇನ್ನೊಬ್ಬನು 15/26ನ್ನು ಮೊದಲೇ 0.57 ಎಂದು ಮೊಟಕುಗೊಳಿಸಿ ಗುಣಿಸಿದರೆ 1,48,200 ಬರುತ್ತದೆ, 1,800 ಹೋಯಿತು. ಊರಿಗೆ ಮರಳುವ ಮನುಷ್ಯನಿಗೆ ಇದು ಸಣ್ಣ ಹಣವೇ?

ಇನ್ನು ವರ್ಗಮೂಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಮ್ಹಾಡಾ 2012ರಲ್ಲಿ ಲಾಟರಿ ಎತ್ತಿ ಹಂಚಿದ ಮನೆಗಳ ಅಳತೆ 225 ಚದರಡಿ. ಅದು ಸರಿಚೌಕವಾಗಿದ್ದರೆ ಒಂದು ಬದಿ ಎಷ್ಟು? 15 ಅಡಿ, ಏಕೆಂದರೆ 15ನ್ನು 15ರಿಂದ ಗುಣಿಸಿದರೆ 225. ಈ 15ನ್ನೇ 225ರ ವರ್ಗಮೂಲ ಎನ್ನುತ್ತೇವೆ. ಅಡಿಗೆಮನೆ, ಬಚ್ಚಲು ಎಲ್ಲವೂ ಈ ಚೌಕದೊಳಗೇ!

ಹೋಟೆಲಿನ ಗೆಳೆಯರಿಗೆ ಒಂದು ಪ್ರಶ್ನೆ. 10 ಅಂಗುಲದ ದೋಸೆಯನ್ನು ಅದೇ ದಪ್ಪದಲ್ಲಿ 20 ಅಂಗುಲಕ್ಕೆ ಎರೆದರೆ ಹಿಟ್ಟು ಎಷ್ಟು ಬೇಕು? ಎರಡು ಪಾಲಲ್ಲ, ನಾಲ್ಕು ಪಾಲು. ಹಾಗಾದರೆ ಎರಡು ಪಾಲು ಹಿಟ್ಟಿಗೆ ಎಷ್ಟು ಅಗಲ? 10ರ ವರ್ಗ 100. ಅದರ ಇಮ್ಮಡಿ 200. 200ರ ವರ್ಗಮೂಲ ಬೇಕು. 14ರ ವರ್ಗ 196. ಉಳಿದದ್ದು 4. ಅದನ್ನು 14ರ ಇಮ್ಮಡಿಯಾದ 28ರಿಂದ ಭಾಗಿಸಿದರೆ 1/7, ಸುಮಾರು 0.14. ಉತ್ತರ 14.14 ಅಂಗುಲ. ಹತ್ತಿರದ ವರ್ಗವನ್ನು ಹಿಡಿದು, ಉಳಿಕೆಯನ್ನು ಮೂಲದ ಇಮ್ಮಡಿಯಿಂದ ಭಾಗಿಸಿ ಕೂಡುವ ಈ ಉಪಾಯ ಎಲ್ಲ ವರ್ಗಮೂಲಕ್ಕೂ ನಡೆಯುತ್ತದೆ. ಉಳಿಕೆ ಸಣ್ಣದಿದ್ದಷ್ಟೂ ಉತ್ತರ ನಿಖರ.

ನೂಲಿನ ಖಾತೆಯಲ್ಲಿ ದುಡಿದವರು ಇದನ್ನು ಬೇರೆ ರೂಪದಲ್ಲಿ ಬಲ್ಲರು. ಒಂದು ಪೌಂಡು ನೂಲಿನಲ್ಲಿ 840 ಗಜದ ಲಡಿ ಎಷ್ಟೆಂಬುದೇ ಕೌಂಟು. 16 ಕೌಂಟಿಗಿಂತ 64 ಕೌಂಟು ನಾಲ್ಕು ಪಾಲು ಹಗುರ, ಆದರೆ ಅದರ ಅಡ್ಡಗಲ ಕಾಲಲ್ಲ, ಅರ್ಧ. ಆದುದರಿಂದ ಅಂಗುಲಕ್ಕೆ ಹಾಕುವ ಹುರಿ ಕೌಂಟಿನ ವರ್ಗಮೂಲದಂತೆ ಏರುತ್ತದೆ. ಗುಣಕ 4.5 ಎಂದು ಹಿಡಿದರೆ 16 ಕೌಂಟಿಗೆ 4 ಇಂಟು 4.5, ಅಂದರೆ 18 ಹುರಿ. 64 ಕೌಂಟಿಗೆ 8 ಇಂಟು 4.5, ಅಂದರೆ 36 ಹುರಿ. ಕದಿರು ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಮೊದಲನೆಯದು 500 ಅಂಗುಲ ಬರುತ್ತದೆ, ಎರಡನೆಯದು 250. ಉದ್ದ ಅರ್ಧ, ಅಷ್ಟೇ ಉದ್ದದ ತೂಕ ಕಾಲು, ಅರೆಯ ಕಾಲು ಎಂದರೆ ಎಂಟನೆಯ ಒಂದು ಪಾಲು. ನುಣುಪು ನೂಲಿನವನನ್ನೂ ದಪ್ಪ ನೂಲಿನವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಇವನು ಸೋಮಾರಿ ಎಂದರೆ ಅದು ಅನ್ಯಾಯ. ಆ ಅನ್ಯಾಯವನ್ನು ಬರಿಯ ಕೂಗಿನಿಂದ ತೋರಿಸಲಾಗದು, ವರ್ಗಮೂಲದಿಂದ ತೋರಿಸಬಹುದು. 1982ರ ಮುಷ್ಕರದ ಬಳಿಕ ಮುಂಬಯಿಯ ಬಹಳಷ್ಟು ಗಿರಣಿಗಳು ಮುಚ್ಚಿದವು; ಕೆಲಸಕ್ಕೆ ತಕ್ಕ ಕೂಲಿ ಲೆಕ್ಕ ಹಾಕುವ ಎಲ್ಲ ಕಡೆಯಲ್ಲೂ ಈ ಮಾತು ಇನ್ನೂ ನಿಲ್ಲುತ್ತದೆ.

ಬಂಧುಗಳೇ, ಈಗ ಕೈಯಲ್ಲಿರುವ ಫೋನು ಗುಣಾಕಾರ ಭಾಗಾಕಾರಗಳನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ. ಆದರೆ 4.30 ಒತ್ತಬೇಕೋ 4.5 ಒತ್ತಬೇಕೋ, 30ರಿಂದ ಭಾಗಿಸಬೇಕೋ 26ರಿಂದಲೋ ಎಂಬುದನ್ನು ಅದು ಹೇಳದು. ಅದನ್ನು ನಾವೇ ತಿಳಿದಿರಬೇಕು. ಮುಂದಿನ ಪಗಾರದ ದಿನ ಚೀಟಿಯನ್ನು ಕಿಸೆಗೆ ಹಾಕುವ ಮುನ್ನ ಒಂದು ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ಗಂಟೆಗಳನ್ನು ಕಾಲುಗಳಾಗಿ ಮಾಡಿ ಕೂಡಿ, ದರದಿಂದ ಗುಣಿಸಿ, ಚೀಟಿಯ ಅಂಕೆಯೊಡನೆ ಹೋಲಿಸಿ. ಹೊಂದಿದರೆ ಸಂತೋಷ. ಹೊಂದದಿದ್ದರೆ ಜಗಳ ಬೇಡ, ಲೆಕ್ಕದ ಕಾಗದವನ್ನೇ ಧಣಿಯ ಮುಂದೆ ಇಡಿ. ಬರೆಯಲು ಬಾರದ ಹೊಸ ಹುಡುಗನಿದ್ದರೆ ಅವನ ಚೀಟಿಯನ್ನೂ ನೋಡಿಕೊಡಿ. ಲೆಕ್ಕ ಬಲ್ಲವರು ನಾಲ್ಕು ಜನರಿಗೆ ಕಲಿಸಿದರೆ ಸಂಘಕ್ಕೆ ಅದಕ್ಕಿಂತ ದೊಡ್ಡ ವರ್ಗಣಿ ಬೇರೆ ಇಲ್ಲ.