ತಂಬೂರಿಯ ಅಂಚು
(ದಿಂಡೋರಿಯ ಕನ್ನಡ ಕುಟುಂಬಗಳ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ಈಗ ತಾನೇ ನಾಡಗೀತೆಗೆ ಶ್ರುತಿ ಹಿಡಿದ ತಂಬೂರಿಯನ್ನು ತಾವೆಲ್ಲ ನೋಡಿರುವಿರಿ. ಅದರ ಬುರುಡೆಯ ಸುತ್ತಣ ಬಿಳಿಯ ಪಟ್ಟಿಯಲ್ಲಿ ಒಂದು ಗೇಣಿನಷ್ಟು ಭಾಗದ ಬಣ್ಣ ಉಳಿದುದಕ್ಕಿಂತ ತುಸು ಬೇರೆ. ಆ ಒಂದು ಗೇಣಿನ ವೃತ್ತಾಂತವನ್ನೇ ಇಂದು ಅರಿಕೆ ಮಾಡಿಕೊಳ್ಳುತ್ತೇವೆ.

ಈ ವಾದ್ಯ ನಮ್ಮ ಮನೆಯ ಅಜ್ಜಿಯದು. ಧಾರವಾಡದಿಂದ ನಮ್ಮೊಡನೆ ಬಂದಿತಾದರೂ ಹುಟ್ಟಿದ್ದು ಮಿರಜಿನಲ್ಲಿ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ವಾದ್ಯ ಕಟ್ಟುವ ಕಸುಬನ್ನು ಬೆಳೆಸಿದರು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಆ ಊರಿನಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಹೀಗೆ ಆ ಊರಿನ ತಂಬೂರಿಗೂ ನಮ್ಮ ನಾಡಿನ ಕಂಠಕ್ಕೂ ಹಳೆಯ ನಂಟು. 2024ರಲ್ಲಿ ಮಿರಜಿನ ಸಿತಾರ್ ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು.

ಅಂಚಿನ ಪಟ್ಟಿ ಬರಿಯ ಅಲಂಕಾರವೆಂದು ನಾವು ತಿಳಿದಿದ್ದೆವು. ಅದು ಸರಿಯಲ್ಲ. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಒಣ ಸೋರೆಬುರುಡೆಗೆ ತೂಣ್ ಮರದ ಹಲಗೆಯನ್ನು ಕೂಡಿಸುವರು. ಬೇಸಗೆಯ ಒಣಹವೆಗೂ ಮಳೆಗಾಲದ ತೇವಕ್ಕೂ ಮರವೊಂದು ಬಗೆಯಾಗಿ, ಬುರುಡೆಯೊಂದು ಬಗೆಯಾಗಿ ಹಿಗ್ಗಿ ಕುಗ್ಗುತ್ತವೆ. ಪಟ್ಟಿಯು ಹಲಗೆಯ ತುದಿಯನ್ನು ಪೆಟ್ಟಿನಿಂದಲೂ ತೇವದಿಂದಲೂ ಕಾಯುತ್ತದೆ. ಹಿಂದೆ ದಂತ, ಜಿಂಕೆಯ ಕೊಂಬುಗಳನ್ನು ಬಳಸುತ್ತಿದ್ದರು, ನಮ್ಮದು ಸೆಲ್ಯುಲಾಯ್ಡ್. ಇದು ವರ್ಷಗಳು ಕಳೆದಂತೆ ಕುಗ್ಗುವ ವಸ್ತು. ಕುಗ್ಗಿದಾಗ ಬಾಗಿನ ಸ್ಥಳದಲ್ಲಿ ಅಂಟು ಬಿಟ್ಟು ಮೇಲೇಳುತ್ತದೆ.

ಒಂದು ಬೇಸಗೆಯಲ್ಲಿ ನಮ್ಮ ಪಟ್ಟಿಯೂ ಎದ್ದಿತು. ನಾವು ಅವಸರಪಟ್ಟೆವು. ಕ್ಷಣದಲ್ಲಿ ಹಿಡಿಯುವ ಅಂಟನ್ನು ಅಂಗಡಿಯಿಂದ ತಂದು, ಪಟ್ಟಿಯನ್ನು ಬಲವಂತವಾಗಿ ಒತ್ತಿ ಹಿಡಿದೆವು. ವಾರದೊಳಗೆ ಅದು ಪಕ್ಕದಲ್ಲಿ ಮುರಿಯಿತು. ಮುರಿದ ತುಂಡು ಏಳುವಾಗ ಅದರೊಡನೆ ಹಲಗೆಯ ಚಕ್ಕೆಯೂ ಎದ್ದಿತು. ಅಜ್ಜಿ ಏನೂ ಅನ್ನಲಿಲ್ಲ. ಆ ಸಂಜೆ ತಂಬೂರಿಗೆ ಗವಸು ಹಾಕಿ ಮೂಲೆಗಿಟ್ಟರು. ಬೈದಿದ್ದರೆ ಮೇಲಾಗಿತ್ತು.

ಮಿರಜಿನ ಕಸುಬುದಾರರೊಬ್ಬರ ಮುಂದೆ ಅದನ್ನಿಟ್ಟು, ಪಟ್ಟಿಯನ್ನೆಲ್ಲ ಹೊಸದಾಗಿ ಹಾಕಿರೆಂದೆವು. ಅವರು ಒಪ್ಪಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕುಳಿತು ಕುಳಿತು ನುಣುಪಾಗಿದ್ದ ಭಾಗವನ್ನು ತೋರಿಸಿ, “ಚೆನ್ನಾಗಿರುವುದನ್ನು ಏಕೆ ಕೀಳಬೇಕು?” ಎಂದರು. ಮೊದಲು ತಂತಿಗಳನ್ನು ಸಡಿಲಿಸಿದರು. ನಮ್ಮ ಗಟ್ಟಿ ಅಂಟನ್ನು ಕೂದಲೆಳೆಯಷ್ಟಾಗಿ ಹೆರೆದು ತೆಗೆದರು. ಎದ್ದ ಚಕ್ಕೆಯನ್ನು ಅದರ ಸ್ಥಳದಲ್ಲಿಯೇ ಕೂಡಿಸಿದರು. ಕುಗ್ಗಿದ ಪಟ್ಟಿಯನ್ನು ಎಳೆಯದೆ, ಕಡಿಮೆ ಬಿದ್ದಷ್ಟಕ್ಕೆ ಹೊಸ ತುಂಡನ್ನು ಜೋಡಿಸಿದರು. ಬಿಸಿನೀರಿನಲ್ಲಿ ಕರಗಿಸಿದ ಸರೇಸನ್ನು ತೆಳ್ಳಗೆ ಹಚ್ಚಿ, ಅರಿವೆಯ ಪಟ್ಟಿಯಿಂದ ಸುತ್ತಿ ಕಟ್ಟಿ, ಒಂದು ಹಗಲು ಒಂದು ರಾತ್ರಿ ಬಿಟ್ಟರು. ಸರೇಸೇ ಏಕೆಂದರೆ, ಬಿಸಿ ತೇವ ತಾಗಿದರೆ ಅದು ಮತ್ತೆ ಬಿಡುತ್ತದೆ. ಮುಂದೆ ರಿಪೇರಿ ಮಾಡುವವನಿಗೆ ದಾರಿ ಉಳಿಯುತ್ತದೆ. ಕೊನೆಗೆ ಗೆರೆಗಳನ್ನು ಕೊರೆದು ಕಪ್ಪು ಅರಗು ತುಂಬಿ, ಸಮನಾಗಿ ಹೆರೆದು, ಸ್ಪಿರಿಟ್ಟಿನಲ್ಲಿ ಕರಗಿದ ಅರಗಿನ ಮೆರುಗು ಕೊಟ್ಟರು.

ಮನೆಯಲ್ಲಿಯೇ ಯತ್ನಿಸುವವರಿಗೆ ಒಂದು ಎಚ್ಚರಿಕೆ: ಸೆಲ್ಯುಲಾಯ್ಡ್ ಬಲುಬೇಗ ಹೊತ್ತಿಕೊಳ್ಳುವ ವಸ್ತು. ದೀಪ, ಒಲೆಗಳ ಬಳಿ ಆ ಕೆಲಸ ಸಲ್ಲದು.

ಹೊಸ ತುಂಡಿನ ಬಣ್ಣ ಪೂರ್ಣವಾಗಿ ಕೂಡಲಿಲ್ಲವೆಂದು ನಾವು ಪೇಚಾಡಿದೆವು. ಅಜ್ಜಿ ಮಾತ್ರ ಅದರ ಮೇಲೆ ಬೆರಳಾಡಿಸಿ, “ಇರಲಿ ಬಿಡಪ್ಪಾ, ಎಲ್ಲಿ ಮುರಿದಿತ್ತು ಅಂತ ಗೊತ್ತಾಗಬೇಕು” ಎಂದರು. ಮರುದಿನ ಬೆಳಗ್ಗೆ ಶ್ರುತಿ ಕೂಡಿಸಿ ಹಾಡಲು ಕುಳಿತರು.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಇಂತಹ ಹಳೆಯ ವಸ್ತುಗಳು ಇನ್ನೂ ಕೆಲವು ಉಳಿದಿವೆ. ಅವು ಕೆಟ್ಟಾಗ ಎಸೆಯುವುದೂ ಬೇಡ, ಅವಸರದಿಂದ ಅಂಟಿಸುವುದೂ ಬೇಡ. ಬಲ್ಲವರನ್ನು ಹುಡುಕಿ ಹೋಗೋಣ.