ಹಾಲು ಒಗ್ಗದ ಮಗುವಿಗೆ ಯಾವ ಹಾಲು?

ಮಗುವಿಗೆ ಹಸುವಿನ ಹಾಲು ಆಗುವುದಿಲ್ಲ ಎಂದು ವೈದ್ಯರು ಹೇಳಿದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಹಾಗಾದರೆ ಇನ್ನೇನು ಕುಡಿಸುವುದು? ಊರಿನಿಂದ ಅಜ್ಜಿ ಫೋನು ಮಾಡಿ ಮೇಕೆ ಹಾಲು ಕೊಡಿ ಎನ್ನುತ್ತಾರೆ. ಪಕ್ಕದ ಫ್ಲ್ಯಾಟಿನವರು ಬಾದಾಮಿ ಹಾಲು ಎನ್ನುತ್ತಾರೆ. ಅಂಗಡಿಯಲ್ಲೋ ಸೋಯಾ, ಓಟ್ಸ್, ಅಕ್ಕಿಯ ಪಾನೀಯಗಳು ಸಾಲಾಗಿ ನಿಂತಿವೆ. ಇವುಗಳಲ್ಲಿ ಯಾವುದು ಮಗುವಿನ ಆಹಾರ, ಯಾವುದು ಅಲ್ಲ ಎಂಬುದನ್ನು ಇಂದು ನೋಡೋಣ.

ಮೊದಲು ಅಲರ್ಜಿ ಎಂದರೇನು? ಹಾಲಿನಲ್ಲಿರುವ ಪ್ರೋಟೀನನ್ನು ಮಗುವಿನ ದೇಹ ಶತ್ರುವೆಂದು ತಿಳಿದು ಎದುರಿಸುವುದೇ ಅಲರ್ಜಿ. ಕೆಲವು ಮಕ್ಕಳಿಗೆ ಹಾಲು ಕುಡಿದ ಎರಡು ಗಂಟೆಯೊಳಗೆ ಪಿತ್ತಗಂಧೆ, ತುಟಿ ಊತ, ವಾಂತಿ ಕಾಣಿಸುತ್ತದೆ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನು ಕೆಲವರಲ್ಲಿ ನಿಧಾನವಾಗಿ ಭೇದಿ, ಮಲದಲ್ಲಿ ರಕ್ತ, ತೂಕ ಏರದಿರುವುದು ಕಾಣುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು ಬೇರೆಯೇ ತೊಂದರೆ. ಆದ್ದರಿಂದ ಬರೀ ಅನುಮಾನದ ಮೇಲೆ ಹಾಲು ನಿಲ್ಲಿಸಬೇಡಿ. ಅಲರ್ಜಿ ಹೌದೋ ಅಲ್ಲವೋ ವೈದ್ಯರೇ ನಿರ್ಧರಿಸಲಿ.

ತಾಯಿಯ ಎದೆಹಾಲು ಸಿಗುತ್ತಿದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ, ಅದನ್ನು ನಿಲ್ಲಿಸಬಾರದು. ಬೇಕೆನಿಸಿದರೆ ತಾಯಿ ಕೆಲಕಾಲ ಹಾಲು, ಮೊಸರು, ಪನೀರು ಬಿಡುವಂತೆ ವೈದ್ಯರು ಹೇಳಬಹುದು. ಆಗ ತಾಯಿಗೆ ಕ್ಯಾಲ್ಸಿಯಂ ಮಾತ್ರೆ ಬೇಕಾಗುತ್ತದೆ. ಮೇಕೆ ಹಾಲು, ಎಮ್ಮೆ ಹಾಲು ಪರಿಹಾರವಲ್ಲ. ಅವುಗಳ ಪ್ರೋಟೀನು ಹಸುವಿನ ಹಾಲಿನದನ್ನೇ ಹೋಲುವುದರಿಂದ ಹೆಚ್ಚಿನ ಮಕ್ಕಳಿಗೆ ಅವೂ ಒಗ್ಗುವುದಿಲ್ಲ.

ಎದೆಹಾಲು ಸಾಲದಿದ್ದಾಗ ಬೇಕಾಗುವುದು ಫಾರ್ಮುಲಾ, ಅಂದರೆ ಮಗುವಿಗೆಂದೇ ತಯಾರಿಸಿದ ಡಬ್ಬಿ ಹಾಲು. ಹಸುವಿನ ಹಾಲಿನ ಪ್ರೋಟೀನನ್ನೇ ಬಹಳ ಸಣ್ಣದಾಗಿ ಒಡೆದು ಮಾಡಿದ ಫಾರ್ಮುಲಾ ಒಂದು ಬಗೆ. ಸಸ್ಯಮೂಲದ್ದು ಇನ್ನೊಂದು ಬಗೆ. ಇದರಲ್ಲಿ ಸೋಯಾ ಫಾರ್ಮುಲಾ ನಮಗೆ ಹೆಚ್ಚು ಪರಿಚಿತ. ಅಕ್ಕಿಯ ಪ್ರೋಟೀನನ್ನು ಒಡೆದು ಮಾಡಿದ್ದು ಇಟಲಿ, ಫ್ರಾನ್ಸ್, ಸ್ಪೇನ್ ಮುಂತಾದ ಕಡೆ ಬಳಕೆಯಲ್ಲಿದೆ. ಧಾನ್ಯದ ಪ್ರೋಟೀನಿನಲ್ಲಿ ಒಂದೊಂದು ಕೊರತೆ ಇರುತ್ತದೆ. ಸೋಯಾದಲ್ಲಿ ಮಿಥಿಯೋನಿನ್ ಕಡಿಮೆ, ಅಕ್ಕಿಯಲ್ಲಿ ಲೈಸಿನ್ ಕಡಿಮೆ. ಫಾರ್ಮುಲಾ ತಯಾರಿಸುವಾಗ ಅವನ್ನು ಸೇರಿಸುತ್ತಾರೆ, ಜೊತೆಗೆ ಕಬ್ಬಿಣ, ಸತು, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ. ಹೀಗೆ ತುಂಬಿಕೊಟ್ಟಾಗ ಮಕ್ಕಳು ಬಹುಮಟ್ಟಿಗೆ ಉಳಿದವರಂತೆಯೇ ಬೆಳೆಯುತ್ತಾರೆ. ಆದರೆ ಹಾಲಿನ ಅಲರ್ಜಿ ಇರುವ ಕೆಲವರಿಗೆ ಸೋಯಾ ಕೂಡ ಒಗ್ಗದು. ಆರು ತಿಂಗಳೊಳಗಿನ ಮಗುವಿಗೆ ಸಾಮಾನ್ಯವಾಗಿ ಅದನ್ನು ಸೂಚಿಸುವುದಿಲ್ಲ.

ಕೇಳುಗರೇ, ಅಂಗಡಿಯ ಪೊಟ್ಟಣದ ಪಾನೀಯ ಇದಲ್ಲ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 3 ಗ್ರಾಂ ಪ್ರೋಟೀನು ಇದ್ದರೆ, ಅಕ್ಕಿಯ ಪಾನೀಯದಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮೂ ಇರುವುದಿಲ್ಲ. 2001ರಲ್ಲಿ ಅಮೆರಿಕದ ವೈದ್ಯರು ಎರಡು ಮಕ್ಕಳ ವಿಷಯ ಪ್ರಕಟಿಸಿದರು. ಹಾಲು ಒಗ್ಗುವುದಿಲ್ಲವೆಂದು ಅಕ್ಕಿಯ ಪಾನೀಯದ ಮೇಲೆ ಬೆಳೆದ 22 ತಿಂಗಳ ಮಗುವಿಗೆ ಪ್ರೋಟೀನಿನ ಕೊರತೆಯಿಂದ ಮೈ ಊದಿಕೊಳ್ಳುವ ಕ್ವಾಶಿಯೋರ್ಕರ್ ಬಂದಿತ್ತು. ಸೋಯಾ ಪಾನೀಯ ಕುಡಿಯುತ್ತಿದ್ದ 17 ತಿಂಗಳ ಇನ್ನೊಂದು ಮಗುವಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್. ಎರಡೂ ಮನೆಗಳಲ್ಲಿ ಹೊಟ್ಟೆಗಿಲ್ಲದ ಬಡತನವಿರಲಿಲ್ಲ. ಪಾನೀಯವನ್ನು ಹಾಲೆಂದು ನಂಬಿದ್ದೇ ಕಾರಣ. ನಾವು ಮನೆಯಲ್ಲಿ ಮಾಡುವ ಬಾದಾಮಿ ಹಾಲು, ಗಂಜಿ ನೀರಿಗೂ ಇದೇ ಮಾತು ಅನ್ವಯಿಸುತ್ತದೆ. ರಾಗಿ ಸರಿ, ರಾಗಿ ಮಣ್ಣಿ ಆರು ತಿಂಗಳ ನಂತರ ಒಳ್ಳೆಯ ಆಹಾರವೇ. ಅವು ಎದೆಹಾಲು ಅಥವಾ ಫಾರ್ಮುಲಾದ ಜೊತೆಗಿರಲಿ, ಅದರ ಬದಲಿಗಲ್ಲ.

ಫಾರ್ಮುಲಾ ದುಬಾರಿ ಎಂದು ಹೆಚ್ಚು ನೀರು ಬೆರೆಸುವುದೂ ಉಂಟು. ಹಾಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ. ಡಬ್ಬಿಯ ಮೇಲೆ ಹೇಳಿದಷ್ಟೇ ಅಳತೆ, ಕುದಿಸಿದ ನೀರು, ಶುಚಿಯಾದ ಲೋಟ ಚಮಚ ಇವಿಷ್ಟು ಕಡ್ಡಾಯ.

ಕೊಡುತ್ತಿರುವುದು ಸಾಕೇ ಎಂದು ತಿಳಿಯುವುದು ಹೇಗೆ? ಮಗುವಿನ ಬೆಳವಣಿಗೆ ಚಾರ್ಟನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಚಾರ್ಟಿಗಾಗಿ ಆರು ದೇಶಗಳ ಮಕ್ಕಳನ್ನು ಅಳೆದರು. ಅವರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಹಾಗಾಗಿ ಅದು ಪರದೇಶದ ಅಳತೆ ಎನ್ನುವಂತಿಲ್ಲ. ಸಾಮಾನ್ಯವಾಗಿ ಹುಟ್ಟಿದ ತೂಕ ಐದು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ. ತೂಕದ ಜೊತೆ ಉದ್ದವನ್ನೂ ಅಳೆಸಿ. ಲಸಿಕೆಗೆ ಹೋದಾಗಲೆಲ್ಲ ಗುರುತು ಹಾಕಿಸಿಕೊಳ್ಳಿ. ಮಗುವಿನ ಗೆರೆ ಮಟ್ಟಸವಾಗಿ ನಿಂತರೆ ಅಥವಾ ಕೆಳಗಿಳಿದರೆ ಮುಂದಿನ ತಿಂಗಳವರೆಗೆ ಕಾಯಬೇಡಿ.

ಸಮಾಧಾನದ ಮಾತೂ ಇದೆ. ಹಾಲಿನ ಅಲರ್ಜಿ ಬಹುತೇಕ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಮತ್ತೆ ಹಾಲು ಕೊಟ್ಟು ನೋಡುವುದು ಮಾತ್ರ ವೈದ್ಯರ ಸಮ್ಮುಖದಲ್ಲೇ ಆಗಲಿ. ಅಲ್ಲಿಯವರೆಗೆ ಬಿಸ್ಕತ್ತು, ಬ್ರೆಡ್ಡಿನ ಪೊಟ್ಟಣದ ಮೇಲೆ ಹಾಲಿನ ಅಂಶ ಇದೆಯೇ ಎಂದು ಓದಿ ನೋಡಿ.

ಇಷ್ಟು ಹೊತ್ತು ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ. ಮಕ್ಕಳ ಡಬ್ಬಿ ಹಾಲಿನ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ನಿಷೇಧಿಸಿದೆ, ಅದು ಒಳ್ಳೆಯದೇ. ಹೆಸರು ನಿಮ್ಮ ಮಗುವನ್ನು ನೋಡಿದ ವೈದ್ಯರಿಂದಲೇ ಬರಲಿ.