ಕಲ್ಲು ಕಟ್ಟುವ ಕ್ರಿಮಿಗಳು
(ವೈದ್ಯಕೀಯ ನೆರವು ನಿಧಿಯ ಸದಸ್ಯರು ಮತ್ತು ದಾನಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಆಪರೇಷನ್ ಮಾಡುವ ಡಾಕ್ಟರಲ್ಲ, ಲ್ಯಾಬಿನವನು. ಮುಂಬಯಿಯಲ್ಲಿ ಇಷ್ಟು ವರ್ಷ ರೋಗಿಗಳ ಮುಖಕ್ಕಿಂತ ಅವರ ಮೂತ್ರದ ಸೀಸೆಗಳನ್ನೇ ಹೆಚ್ಚು ನೋಡಿದವನು. ಕಿಡ್ನಿ ಕಲ್ಲಿನ ಬಗ್ಗೆ ಆ ಸೀಸೆಗಳು ಹೇಳುವುದನ್ನು ನಿಮಗೆ ತಿಳಿಸುತ್ತೇನೆ.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಬೆವರು ಸುರಿದು, ನೀರು ಸಾಲದೆ, ಮೂತ್ರ ಗಟ್ಟಿಯಾದಾಗ ಇವು ಕಟ್ಟಿಕೊಳ್ಳುವುದು ಸುಲಭ. ಹೋಟೆಲಿನ ಒಲೆಯ ಮುಂದೆ ಹಗಲೆಲ್ಲ ನಿಲ್ಲುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನೀರೇ ಮೊದಲ ಮದ್ದು. ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿಯುತ್ತೇವೆ ಎನ್ನುತ್ತಾರೆ. ಕುಡಿಯಲಿ, ಹೇಗೂ ಹೊಟ್ಟೆಗೆ ನೀರು ಹೋದಂತಾಯಿತು. ಆದರೆ ಬಾಳೆದಿಂಡಿಗೂ ಬಾರ್ಲಿಗೂ ಜಗ್ಗದ ಇನ್ನೊಂದು ಜಾತಿಯ ಕಲ್ಲಿದೆ. ಅದನ್ನು ಕಟ್ಟುವುದು ಬ್ಯಾಕ್ಟೀರಿಯಾ.

ತೊಳೆಯದ ಸಾರ್ವಜನಿಕ ಮೂತ್ರಾಲಯದ ಬಾಗಿಲಲ್ಲೇ ಕಣ್ಣು ಉರಿಸುವ ಘಾಟು ನಿಮಗೆಲ್ಲ ಗೊತ್ತು. ಆಗಷ್ಟೇ ಹೊರಬಂದ ಮೂತ್ರಕ್ಕೆ ಆ ಘಾಟಿಲ್ಲ. ಮೂತ್ರದಲ್ಲಿರುವ ಯೂರಿಯಾವನ್ನು, ಹೌದು, ಹೊಲಕ್ಕೆ ಹಾಕುತ್ತೇವಲ್ಲ ಅದೇ ಯೂರಿಯಾವನ್ನು, ಕೆಲವು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಅವುಗಳ ಕೈಯಲ್ಲಿರುವ ಆಯುಧ ಯೂರಿಯೇಸ್ ಎಂಬ ಕಿಣ್ವ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಇದನ್ನು ಒಂದು ಬಗೆಯ ಅವರೆ ಕಾಳಿನಿಂದ ಬೇರ್ಪಡಿಸಿ, ಹರಳಾಗಿಸಿ ತೋರಿಸಿದರು. ಅದಕ್ಕೆ ಮುಂದೆ ನೊಬೆಲ್ ಬಹುಮಾನವೂ ಬಂತು.

ಮೂತ್ರಾಲಯದ ನೆಲದ ಮೇಲೆ ನಡೆಯುವ ಇದೇ ಕೆಲಸ ಕಿಡ್ನಿಯ ಒಳಗೇ ನಡೆದರೆ? ಸಾಮಾನ್ಯವಾಗಿ ಮೂತ್ರ ತುಸು ಆಮ್ಲೀಯ. ಅದರಲ್ಲಿ ಮೆಗ್ನೀಶಿಯಂ, ಫಾಸ್ಫೇಟ್ ಕರಗಿಕೊಂಡಿರುತ್ತವೆ. ಅಮೋನಿಯಾ ಹೆಚ್ಚಿ ಮೂತ್ರ ಕ್ಷಾರವಾದ ಕೂಡಲೇ ಅವು ಕರಗಿರಲಾರದೆ ಅಮೋನಿಯಂ ಜೊತೆ ಸೇರಿ ಹರಳಾಗುತ್ತವೆ. ಸ್ಟ್ರುವೈಟ್ ಎಂದು ಅದರ ಹೆಸರು. ಸೂಕ್ಷ್ಮದರ್ಶಕದಲ್ಲಿ ಶವಪೆಟ್ಟಿಗೆಯ ಮುಚ್ಚಳದಂತೆ ಕಾಣುತ್ತದೆ. ಎಂಥ ಹೋಲಿಕೆಯಪ್ಪಾ ಎನ್ನಬೇಡಿ, ನಮ್ಮ ಪಠ್ಯಪುಸ್ತಕಗಳಲ್ಲಿ ಇರುವುದೇ ಹಾಗೆ. ಬಿಟ್ಟರೆ ಇದು ಕೆಲವು ವಾರ, ತಿಂಗಳುಗಳಲ್ಲೇ ಬೆಳೆದು, ಕಿಡ್ನಿಯ ಒಳಗಿನ ಟೊಳ್ಳನ್ನೆಲ್ಲ ತುಂಬಿ, ಸಾರಂಗದ ಕೊಂಬಿನಂತೆ ಕವಲೊಡೆಯುತ್ತದೆ. ಕಷ್ಟವೆಂದರೆ, ಎಷ್ಟೋ ಸಲ ದೊಡ್ಡ ನೋವೇ ಇರುವುದಿಲ್ಲ. ಆಗಾಗ ಚಳಿಜ್ವರ, ಉರಿಮೂತ್ರ, ಸುಸ್ತು, ಅಷ್ಟೇ.

ಇದರ ಮುಖ್ಯ ಅಪರಾಧಿ ಪ್ರೋಟಿಯಸ್ ಮಿರಾಬಿಲಿಸ್. ಕಲ್ಚರ್ ತಟ್ಟೆಯ ಒಂದು ಮೂಲೆಯಲ್ಲಿ ಸಂಜೆ ಹಾಕಿಟ್ಟರೆ ಬೆಳಿಗ್ಗೆ ಅಲೆ ಅಲೆಯಾಗಿ ಇಡೀ ತಟ್ಟೆಗೆ ಹಬ್ಬಿರುತ್ತದೆ. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲಿಗೆ ಈ ಯೂರಿಯೇಸ್ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ‘ಇನ್‌ಫೆಕ್ಷನ್ ಇದೆ’ ಎಂದರೆ ಸಾಲದು, ಯಾವ ಕ್ರಿಮಿ ಎಂದು ತಿಳಿಯಬೇಕು.

ಹಾಗೆಂದು ಎಲ್ಲ ಕಲ್ಲಿಗೂ ಕ್ರಿಮಿಯನ್ನೇ ದೂರುವಂತಿಲ್ಲ. 1998ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಕಿಡ್ನಿ ಕಲ್ಲುಗಳಲ್ಲಿ ‘ನ್ಯಾನೋಬ್ಯಾಕ್ಟೀರಿಯಾ’ ಎಂಬ ಅತಿ ಸೂಕ್ಷ್ಮ ಜೀವಿಗಳಿವೆ, ಅವು ತಮ್ಮ ಸುತ್ತ ಖನಿಜದ ಚಿಪ್ಪು ಕಟ್ಟುತ್ತವೆ ಎಂದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಪರೀಕ್ಷಿಸಿದಾಗ ಅವು ಜೀವಿಗಳೇ ಅಲ್ಲ, ಪ್ರೋಟೀನ್ ಅಂಟಿದ ಖನಿಜದ ಕಣಗಳು ಎಂದು ತಿಳಿಯಿತು. ಕ್ಯಾಲ್ಸಿಯಂ ಕಲ್ಲುಗಳ ಒಳಗೂ ನಿಜವಾದ ಬ್ಯಾಕ್ಟೀರಿಯಾ ಸಿಗುವುದುಂಟು. ಅವು ಕಲ್ಲನ್ನು ಕಟ್ಟಿದವೋ, ಕಟ್ಟಿದ ಮನೆಗೆ ಬಂದು ಸೇರಿದವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸ್ಟ್ರುವೈಟ್ ವಿಷಯದಲ್ಲಿ ಅಂಥ ಸಂಶಯವಿಲ್ಲ.

ಈಗ ನಮ್ಮ ನಿಧಿಯ ಮಾತು. ಹೆಸರು ಬೇಡ, ನಮ್ಮವರೇ ಒಬ್ಬ ತಾಯಿ. ಎರಡು ಸಲ ಕಲ್ಲು ತೆಗೆಸಲು ನೆರವು ಕೊಟ್ಟೆವು. ಮೂರನೆಯ ಅರ್ಜಿ ಬಂದಾಗ ಸಮಿತಿಯಲ್ಲಿ ಒಬ್ಬರು, ‘ಒಂದೇ ಮನೆಗೆ ಎಷ್ಟು ಸಲ ಕೊಡುವುದು?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅವರ ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿದೆ. ಎರಡು ಸಲವೂ ತೆಗೆದ ಕಲ್ಲನ್ನು ಪರೀಕ್ಷೆಗೆ ಕಳಿಸಿರಲಿಲ್ಲ. ಒಳಗೆ ಚೂರುಗಳು ಉಳಿದಿವೆ ಎಂದು ಸ್ಕ್ಯಾನಿನಲ್ಲಿ ಬರೆದಿತ್ತು. ಅವನ್ನು ತೆಗೆಸಲು ಮತ್ತೆ ಬರಬೇಕೆಂದು ಹೇಳಿದ್ದರು, ದುಡ್ಡಿಲ್ಲದೆ ಅವರು ಹೋಗಲಿಲ್ಲ. ನಮ್ಮ ನೆರವು ಮೊದಲ ಬಿಲ್ಲಿಗೇ ಮುಗಿದಿತ್ತು.

ಈ ಜಾತಿಯ ಕಲ್ಲಿನಲ್ಲಿ ಕ್ರಿಮಿ ಹೊರಗಷ್ಟೇ ಅಲ್ಲ, ಕಲ್ಲಿನ ಪದರಗಳೊಳಗೇ ಕೂತಿರುತ್ತದೆ. ಆಂಟಿಬಯಾಟಿಕ್ ಮೂತ್ರವನ್ನು ಶುದ್ಧ ಮಾಡೀತು, ಕಲ್ಲಿನ ಒಳಕ್ಕೆ ಸರಿಯಾಗಿ ಇಳಿಯದು. ಒಂದು ಚೂರು ಉಳಿದರೂ ಅದೇ ಮುಂದಿನ ಕಲ್ಲಿಗೆ ಬೀಜ. ಹೀಗಾಗಿ ಅರ್ಧ ಚಿಕಿತ್ಸೆಗೆ ಕೊಟ್ಟ ಹಣ ಎಷ್ಟೋ ಸಲ ಪೂರ್ತಿ ನಷ್ಟ. ಮತ್ತೆ ಮತ್ತೆ ಹೀಗಾದರೆ ಕಿಡ್ನಿಯೇ ಕೆಡುತ್ತದೆ. ಎರಡೂ ಕೆಟ್ಟರೆ ಮುಂದೆ ಡಯಾಲಿಸಿಸ್. ಅದರ ಖರ್ಚು ಎಂಥದ್ದೆಂದು ನಮ್ಮ ಖಜಾಂಚಿಗಳಿಗೆ ಚೆನ್ನಾಗಿ ಗೊತ್ತು.

ಆ ತಾಯಿಯ ಮೂರನೆಯ ಅರ್ಜಿ ಮಂಜೂರಾಗಿದೆ. ಈ ಸಲ ಆಪರೇಷನ್‌ಗೆ ಮೊದಲೇ ಕಲ್ಚರ್ ಆಗಿದೆ, ಪ್ರೋಟಿಯಸ್ಸೇ ಬಂದಿದೆ. ಚೂರು ಉಳಿದರೆ ಎರಡನೆಯ ಸಲ ತೆಗೆಸಲು, ಆಮೇಲಿನ ಸ್ಕ್ಯಾನ್ ಮತ್ತು ಕಲ್ಚರ್‌ಗಳಿಗೂ ಹಣ ಬೇಕು. ಇಂಥ ಮುಂದುವರಿದ ಚಿಕಿತ್ಸೆಗೆಂದೇ ನಿಧಿಯಲ್ಲಿ ಒಂದು ಪಾಲು ತೆಗೆದಿಡಬೇಕೆಂದು ಸಮಿತಿ ನಿರ್ಧರಿಸಿದೆ. ತಮ್ಮ ದೇಣಿಗೆಯನ್ನು ಆ ಹೆಸರಿನಲ್ಲೇ ಬರೆದು ಕೊಡಬಹುದು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದವರು ಮಾತ್ರ ಅರ್ಜಿ, ಮಂಜೂರಾತಿ ಎಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತೆಗೆದ ಕಲ್ಲನ್ನು ಕೇಳಿ ಪಡೆದು, ಶುಭ್ರವಾದ ಒಣ ಡಬ್ಬಿಯಲ್ಲಿ ಹಾಕಿ ತನ್ನಿ. ಸಂಘದ ಚೀಟಿ ತಂದವರಿಗೆ ನನ್ನ ಲ್ಯಾಬಿನಲ್ಲಿ ಕಲ್ಚರ್‌ಗೆ ಹಣ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಎಂಟರಿಂದ ಬಾಗಿಲು ತೆರೆದಿರುತ್ತದೆ.